ನಾರ್ಮಲ್ ಹಾಕಿ ಅನ್ನಲು ಸಂಕೋಚ ಬೇಡ

ಹೊಸದಾಗಿ ಕಾರು ಕೊಂಡ ಮನೆಯವರೆಲ್ಲರಿಗೆ,



ನಾನು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಷಯ ಹೇಳಿಕೊಡುತ್ತಿದ್ದವನು. ನಿವೃತ್ತನಾದ ಮೇಲೆ ಪಾಠ ನಿಂತಿತು, ಪ್ರಶ್ನೆಗಳು ನಿಲ್ಲಲಿಲ್ಲ. ಮದುವೆಮನೆಯ ಪಂಕ್ತಿಯಲ್ಲೋ ಬೀದಿಯ ಗಣಪತಿ ಪೆಂಡಾಲಿನಲ್ಲೋ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೂತು, ಆ ಮಾತು ಈ ಮಾತು ಆದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ: "ಮೇಷ್ಟ್ರೇ, ಗಾಡಿಗೆ ಯಾವ ಪೆಟ್ರೋಲ್ ಹಾಕಿಸೋದು ಒಳ್ಳೇದು? ನಾರ್ಮಲ್ಲೋ, ಪವರ್ರೋ?" ದನಿ ಯಾಕೆ ತಗ್ಗುತ್ತದೆ ಎಂದು ಬಹಳ ದಿನ ಯೋಚಿಸಿದ್ದೇನೆ. ಎಂಟು ಲಕ್ಷದ ಗಾಡಿಗೆ ಲೀಟರಿಗೆ ಎಂಟು ರೂಪಾಯಿ ಉಳಿಸಲು ಹೊರಟವರು ಎಂದು ಯಾರಾದರೂ ಅಂದುಕೊಂಡಾರೆಂಬ ಅಳುಕು ಅದು.

ಎಂಜಿನ್ ಬಿಚ್ಚಿ ಜೋಡಿಸಬಲ್ಲವರಿಗೆ ನನ್ನ ಪತ್ರ ಬೇಕಿಲ್ಲ. ತಿಂಗಳ ಕಂತು ಕಟ್ಟುತ್ತಾ, ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿನ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯನ್ನು ಕೈಯಾರೆ ಒರೆಸುತ್ತಾ ಇರುವ ನಿಮಗಾಗಿ ಬರೆಯುತ್ತಿದ್ದೇನೆ. ಶೋರೂಮಿನ ಗಾಡಿಯಾದರೂ ಸರಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ನೀವು ದುಬಾರಿ ಪೆಟ್ರೋಲ್ ಹಾಕಿಸುವುದು ಲೆಕ್ಕ ಹಾಕಿ ಅಲ್ಲ, ಅಕ್ಕರೆಯಿಂದ. ಮಗುವಿಗೆ ಹಾಲು ಕೊಡುವಾಗ ಎರಡು ಚಮಚ ಹಾರ್ಲಿಕ್ಸ್ ಬೆರೆಸಿದಂತೆ. ಆ ಅಕ್ಕರೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಹೋಗಿ ಸೇರುತ್ತಿರುವ ಜಾಗ ಸರಿಯಿಲ್ಲ ಎಂದು ಹೇಳದಿದ್ದರೆ ಇಷ್ಟು ವರ್ಷ ಸಂಬಳ ತೆಗೆದುಕೊಂಡದ್ದಕ್ಕೆ ಅರ್ಥವಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರು ತಯಾರಿಸಿದ ಕಂಪನಿ ಮಾಮೂಲಿ ಪೆಟ್ರೋಲ್ ಸಾಕು ಎಂದಿದ್ದರೆ, ಪ್ರೀಮಿಯಂ ಹಾಕಿಸಿದ್ದರಿಂದ ನಿಮ್ಮ ಜೇಬಿಗೆ ತಿಳಿಯುವಷ್ಟು ಮೈಲೇಜಾಗಲಿ, ನಿಮ್ಮ ಕಾಲಿಗೆ ತಿಳಿಯುವಷ್ಟು ಪಿಕಪ್ಪಾಗಲಿ ಬರುವುದಿಲ್ಲ. 95 ಆಕ್ಟೇನ್ ಬೇಕೇ ಬೇಕು ಎಂದಿದ್ದರೆ ಅದನ್ನೇ ಹಾಕಿಸಿ, ಅಲ್ಲಿ ಕೈ ಬಿಗಿ ಹಿಡಿಯಬೇಡಿ. ಏಕೆ ಎಂದು ತಿಳಿಯುವ ಕುತೂಹಲವಿದ್ದವರು ಮುಂದೆ ಓದಿ.

ಬಂಕಿನ ಬೋರ್ಡಿನ ಮೇಲಿರುವ 91, 95, 100 ಎಂಬ ಸಂಖ್ಯೆಗಳನ್ನು ಹೆಚ್ಚಿನವರು ಶಕ್ತಿಯ ಅಳತೆ ಎಂದುಕೊಂಡಿದ್ದಾರೆ. ಸ್ಪೀಡ್, ಪವರ್, ಎಕ್ಸ್‌ಟ್ರಾ ಎಂದೆಲ್ಲ ಹೆಸರಿಟ್ಟರೆ ಯಾರಾದರೂ ಹಾಗೆಯೇ ಅಂದುಕೊಳ್ಳಬೇಕು. ನಿಜಕ್ಕೂ ಒಂದು ಲೀಟರ್ ಮಾಮೂಲಿ ಪೆಟ್ರೋಲಿನಲ್ಲಿ ಎಷ್ಟು ಶಾಖ ಅಡಗಿದೆಯೋ ಪ್ರೀಮಿಯಂನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಆಕ್ಟೇನ್ ಅಳೆಯುವುದು ಬೇರೆಯದನ್ನು. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಆಗ ಪ್ಲಗ್ ಕಿಡಿ ಹಾರಿಸುತ್ತದೆ, ಬೆಂಕಿ ಅಲ್ಲಿಂದ ಹೊರಟು ಸಿಲಿಂಡರಿನ ತುಂಬ ಹರಡುತ್ತದೆ. ಎಲ್ಲ ಸರಿಯಿದ್ದರೆ ಇದು ನಯವಾಗಿ ನಡೆದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಕೆಲವೊಮ್ಮೆ ಬೆಂಕಿ ಬಂದು ತಲುಪುವ ಮೊದಲೇ ದೂರದ ಮೂಲೆಯಲ್ಲಿದ್ದ ಮಿಶ್ರಣ ಒತ್ತಡ ತಾಳಲಾರದೆ ತಾನಾಗಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಆಗ ಬರುವ ಟಣಟಣ ಸದ್ದಿಗೆ ಗ್ಯಾರೇಜಿನವರು ನಾಕಿಂಗ್ ಎನ್ನುತ್ತಾರೆ. ಹೀಗೆ ತಾನಾಗಿ ಹೊತ್ತಿಕೊಳ್ಳದೆ ಕಿಡಿಗೆ ಕಾಯುವ ಗುಣ ಎಷ್ಟಿದೆ ಎಂಬುದೇ ಆಕ್ಟೇನ್ ಸಂಖ್ಯೆ. ಐಸೊಆಕ್ಟೇನ್ ಎಂಬ ದ್ರವಕ್ಕೆ 100, ಸುಲಭವಾಗಿ ಸಿಡಿಯುವ ಹೆಪ್ಟೇನಿಗೆ ಸೊನ್ನೆ ಎಂದಿಟ್ಟು, ಒತ್ತಡ ಏರಿಳಿಸಬಲ್ಲ ಒಂದು ಪರೀಕ್ಷಾ ಎಂಜಿನ್ನಿನಲ್ಲಿ ಹೋಲಿಸಿ ಈ ಅಂಕ ಕೊಡುತ್ತಾರೆ.

ಹಾಗಿದ್ದರೆ ರೇಸಿನ ಕಾರುಗಳಿಗೆ, ದೊಡ್ಡ ಜರ್ಮನ್ ಕಾರುಗಳಿಗೆ ಹೆಚ್ಚಿನ ಆಕ್ಟೇನ್ ಯಾಕೆ? ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಅದಕ್ಕಾಗಿ ಎಂಜಿನಿಯರುಗಳು ಕಂಪ್ರೆಷನ್ ಏರಿಸುತ್ತಾರೆ, ಟರ್ಬೊ ಕೂರಿಸಿ ಇನ್ನಷ್ಟು ಗಾಳಿ ತುರುಕುತ್ತಾರೆ. ಅಷ್ಟು ಒತ್ತಡದಲ್ಲಿ ಸಾಮಾನ್ಯ ಪೆಟ್ರೋಲ್ ನಾಕ್ ಮಾಡುವುದರಿಂದ ಆ ಎಂಜಿನ್ನಿಗೆ ತಾಳಿಕೊಳ್ಳುವ ಪೆಟ್ರೋಲ್ ಬೇಕಾಗುತ್ತದೆ. ಶಕ್ತಿ ಬರುವುದು ಎಂಜಿನ್ನಿನ ವಿನ್ಯಾಸದಿಂದ, ಆಕ್ಟೇನ್ ಅದಕ್ಕೆ ಅಡ್ಡಿಯಾಗದೆ ನಿಲ್ಲುತ್ತದೆ. ನಾಕ್ ಆಗದೇ ಇರುವ ಎಂಜಿನ್ನಿಗೆ ನಾಕ್ ಆಗದ ಪೆಟ್ರೋಲ್ ಹಾಕಿದರೆ ಹೊಸದಾಗಿ ಏನೂ ಆಗುವುದಿಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಸ್ವಿಫ್ಟಿನ ಡ್ಯುಯಲ್‌ಜೆಟ್ ಎಂಜಿನ್ ನೋಡಿ. ಅದರ ಕಂಪ್ರೆಷನ್ ಹನ್ನೆರಡು ಪಟ್ಟು. ನಾನು ಪಾಠ ಶುರು ಮಾಡಿದ ಕಾಲದಲ್ಲಿ ಮಾಮೂಲಿ ಕಾರಿಗೆ ಹನ್ನೆರಡು ಅಂದಿದ್ದರೆ ಸಹೋದ್ಯೋಗಿಗಳು ನಗುತ್ತಿದ್ದರು. ಆದರೂ ಅದು ಮಾಮೂಲಿ ಪೆಟ್ರೋಲಿನಲ್ಲೇ ಓಡುತ್ತದೆ, ಏಕೆಂದರೆ ನಮ್ಮ ಬಂಕುಗಳಲ್ಲಿ ಏನು ಸಿಗುತ್ತದೆ ಎಂಬುದು ಅದನ್ನು ರೂಪಿಸಿದವರಿಗೆ ಗೊತ್ತಿತ್ತು.

ಇಲ್ಲಿ ಬುದ್ಧಿವಂತರೊಬ್ಬರು ಅಡ್ಡಪ್ರಶ್ನೆ ಹಾಕುತ್ತಾರೆ, ಹಾಕಬೇಕಾದ್ದೇ. "ಈಗಿನ ಕಾರಲ್ಲಿ ಕಂಪ್ಯೂಟರ್ ಇದೆಯಲ್ಲ ಸಾರ್, ಒಳ್ಳೆ ಪೆಟ್ರೋಲ್ ಹಾಕಿದ್ರೆ ಅದೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ ಅಂತಾರೆ?" ಅರ್ಧ ನಿಜ. ಎಂಜಿನ್ನಿಗೆ ಅಂಟಿಸಿದ ನಾಕ್ ಸೆನ್ಸರ್ ಆ ಟಣಟಣವನ್ನು ನಮ್ಮ ಕಿವಿಗಿಂತ ಮೊದಲೇ ಹಿಡಿದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಕಿಡಿಯನ್ನು ಒಂದಿಷ್ಟು ತಡಮಾಡಿ ಹಾರಿಸುತ್ತದೆ. ನಾಕ್ ನಿಲ್ಲುತ್ತದೆ, ಜೊತೆಗೆ ಸ್ವಲ್ಪ ಶಕ್ತಿಯೂ ಮೈಲೇಜೂ ಇಳಿಯುತ್ತವೆ. 95ಕ್ಕೆಂದು ಮಾಡಿದ ಎಂಜಿನ್ನಿಗೆ 91 ಹಾಕಿದಾಗ ಆಗುವುದು ಇದೇ. 91ಕ್ಕೆಂದು ಮಾಡಿದ ಎಂಜಿನ್ನಿಗೆ 95 ಹಾಕಿದರೆ ಕಿಡಿ ಮೊದಲೇ ತನ್ನ ಸರಿಯಾದ ಜಾಗದಲ್ಲಿ ಇರುತ್ತದೆ. ಅದನ್ನು ಇನ್ನೂ ಮುಂದಕ್ಕೆ ಒಯ್ಯುವ ಅವಕಾಶವನ್ನು ಕಂಪನಿ ಕಂಪ್ಯೂಟರಿನೊಳಗೆ ಬರೆದಿಟ್ಟಿದ್ದರೆ ಮಾತ್ರ ತುಸು ಲಾಭ.

ಆ ತುಸು ಎಷ್ಟು ಎಂದು ಅಳೆದವರಿದ್ದಾರೆ. ಅಮೆರಿಕದ ವಾಹನ ಸವಾರರ ದೊಡ್ಡ ಸಂಘ ಎಎಎ 2016ರಲ್ಲಿ ಮಾಮೂಲಿ ಪೆಟ್ರೋಲಿಗೆ ತಯಾರಾದ ನಾಲ್ಕು, ಆರು, ಎಂಟು ಸಿಲಿಂಡರುಗಳ ಕಾರುಗಳಿಗೆ ಎರಡೂ ಬಗೆಯ ಪೆಟ್ರೋಲ್ ಹಾಕಿ ಪ್ರಯೋಗಾಲಯದಲ್ಲಿ ಓಡಿಸಿತು. ಶಕ್ತಿ, ಮೈಲೇಜ್, ಹೊಗೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬೇಕಿಲ್ಲದ ಪ್ರೀಮಿಯಂ ಹಾಕಿಸಿ ಅಮೆರಿಕನ್ನರು ಒಂದು ವರ್ಷದಲ್ಲಿ 210 ಕೋಟಿ ಡಾಲರ್ ಕಳೆದಿದ್ದಾರೆಂದು ಅದು ಅಂದಾಜಿಸಿತು. ಮರುವರ್ಷ ಇನ್ನೊಂದು ಗುಂಪಿನ ಕಾರುಗಳನ್ನು ತೆಗೆದುಕೊಂಡಿತು. ಪ್ರೀಮಿಯಂ ಕಡ್ಡಾಯವಲ್ಲ, ಆದರೆ ಹಾಕಿದರೆ ಒಳ್ಳೆಯದು ಎಂದು ಕಂಪನಿಯೇ ಹೇಳಿದ್ದ ಕಾರುಗಳು ಅವು. ಅವುಗಳಲ್ಲಿ ಮೈಲೇಜ್ ಸರಾಸರಿ ಶೇ 2.7, ಶಕ್ತಿ ಸರಾಸರಿ ಶೇ 1.4 ಏರಿತು. ಎಲ್ಲಕ್ಕಿಂತ ಹೆಚ್ಚು ಮೈಲೇಜ್ ಏರಿದ್ದು ಭಾರೀ ಗಾತ್ರದ ಕ್ಯಾಡಿಲಾಕ್ ಎಸ್ಕಲೇಡಿನಲ್ಲಿ, ಶೇ 7.1. ಒಂದು ಆಡಿ ಕಾರಿನಲ್ಲಿ ಒಂದಿಷ್ಟು ಇಳಿದೇ ಹೋಯಿತು.

ಈ ಅಂಕಿಗಳನ್ನು ನಮ್ಮ ಬಂಕಿನ ಬೋರ್ಡಿನ ಪಕ್ಕ ಇಟ್ಟು ನೋಡೋಣ. ಬೆಂಗಳೂರಿನ ದರ ಲೀಟರಿಗೆ 103 ಎಂದಿಟ್ಟುಕೊಳ್ಳಿ, 95ರ ಪ್ರೀಮಿಯಂಗೆ ಎಂಟು ರೂಪಾಯಿ ಹೆಚ್ಚು. ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಒಂದೆರಡು ರೂಪಾಯಿ ಆಚೀಚೆ ಆದೀತು. ಅಂದರೆ ಶೇ 7.8ರಷ್ಟು ಹೆಚ್ಚುವರಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು 16.2 ಕೊಟ್ಟರೆ ಅಸಲು ಗಿಟ್ಟಿತು, ಲಾಭದ ಮಾತು ಅದರಾಚೆ. ಪ್ರೀಮಿಯಂ ಕೇಳುವ ಆ ಎಸ್ಕಲೇಡಿಗೇ ಅಷ್ಟು ದಕ್ಕಲಿಲ್ಲ. ತಿಂಗಳಿಗೆ 60 ಲೀಟರ್ ಹಾಕಿಸುವ ಮನೆಯಲ್ಲಿ ಇದು 480 ರೂಪಾಯಿ, ವರ್ಷಕ್ಕೆ 5,760. ಒಂದು ಸರ್ವಿಸ್ಸಿನ ದುಡ್ಡು.

ಅಮೆರಿಕದ ಮಾತು ಬಂದದ್ದಕ್ಕೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಏಕೆಂದರೆ ರಜೆಗೆ ಬಂದ ಮಕ್ಕಳು ಅಳಿಯಂದಿರು ಇದನ್ನು ಊಟದ ಹೊತ್ತಿಗೆ ಎತ್ತುತ್ತಾರೆ. ಅಲ್ಲಿಯ ಬಂಕಿನಲ್ಲಿ ಮಾಮೂಲಿಗೆ 87, ಪ್ರೀಮಿಯಂಗೆ 91ರಿಂದ 93. "ಇಲ್ಲಿ ನಾರ್ಮಲ್ಲೇ 91 ಅಂತೆ, ಅಮೆರಿಕಕ್ಕಿಂತ ಒಳ್ಳೇದು" ಎಂದು ಒಬ್ಬರು, "ಯಾರು ನಂಬ್ತಾರೆ ಇವರ ನಂಬರ್" ಎಂದು ಇನ್ನೊಬ್ಬರು. ಎರಡೂ ತಪ್ಪು. ಆಕ್ಟೇನ್ ಅಳೆಯಲು ಎರಡು ಕ್ರಮಗಳಿವೆ, ಒಂದು ಮೃದು, ಇನ್ನೊಂದು ಕಠಿಣ. ನಾವೂ ಯುರೋಪಿನವರೂ ಮೃದು ಪರೀಕ್ಷೆಯ ಅಂಕವನ್ನು ಬರೆಯುತ್ತೇವೆ, ಅಮೆರಿಕದವರು ಎರಡರ ಸರಾಸರಿಯನ್ನು. ಅವರ 87 ಎಂದರೆ ಸುಮಾರಾಗಿ ನಮ್ಮ 91.

ಈಗ ಹೇಳುವುದು ಪ್ರೀಮಿಯಂ ನಂಬಿದವರಿಗೆ ಬೇಸರ ತರುವ ಸಂಗತಿ. ನಮ್ಮ ಮಾಮೂಲಿ ಪೆಟ್ರೋಲೇ ಈಗ ಹಳೆಯ ಮಾಮೂಲಿಯಲ್ಲ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ತಾನೇ ವಿವರಿಸಿದಂತೆ, ವಾಹನಗಳ ಹೊಗೆ ನಿಯಮದ ಬಿಎಸ್‌2 ಕಾಲದಲ್ಲಿ 88 ಇದ್ದ ಆಕ್ಟೇನ್ ಬಿಎಸ್‌4ಕ್ಕೆ 91 ಆಯಿತು, ಶೇ 20 ಎಥನಾಲ್ ಬೆರೆಸಿದ ಮೇಲೆ 95 ಆಗಿದೆ. ಎಥನಾಲಿನ ಸ್ವಂತ ಆಕ್ಟೇನ್ 108ರ ಮೇಲಿದೆ, ಹಾಗಾಗಿ ಬೆರೆತಾಗ ಸಂಖ್ಯೆ ಏರುವುದು ಸಹಜ. ಬೆಳಗಾವಿ, ಬಾಗಲಕೋಟೆಯ ಕಬ್ಬಿನಿಂದ ತೆಗೆದದ್ದೂ ಅದರಲ್ಲಿರುತ್ತದೆ. ಹೀಗಿರುವಾಗ 95ರ ಸಂಖ್ಯೆಗೆಂದೇ ಎಂಟು ರೂಪಾಯಿ ಕೊಡುವವರು ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ಒಮ್ಮೆ ನಿಂತು ಯೋಚಿಸಬೇಕು.

ಎಥನಾಲಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಟ್ಟರೆ ನನ್ನ ಪಾಠ ಸುಳ್ಳಾಗುತ್ತದೆ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಾಖ ಪೆಟ್ರೋಲಿನಲ್ಲಿರುವುದರ ಮೂರನೇ ಎರಡರಷ್ಟು. ಆಕ್ಟೇನ್ ಏರಿದರೂ ಮೈಲೇಜ್ ಇಳಿಯುತ್ತದೆ. 2021ರ ನೀತಿ ಆಯೋಗದ ತಜ್ಞರ ವರದಿ ಇದನ್ನು ಒಪ್ಪಿಕೊಂಡಿತ್ತು: ಎಥನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಶೇ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7, ಅಂಥದೇ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4, ಶೇ 20ಕ್ಕೆಂದೇ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ಸಿಕ್ಕಿರಲಿಲ್ಲ.

ಇದನ್ನು ಕೇಳಿ ಕೆಲವರು ಎಥನಾಲ್ ತಪ್ಪಿಸಲೆಂದು 95ರ ಪ್ರೀಮಿಯಂ ಕಡೆ ಓಡುತ್ತಿದ್ದಾರೆ. ಓಡಬೇಡಿ, ಅದರಲ್ಲೂ ಎಥನಾಲ್ ಇದೆ. ಎಥನಾಲ್ ಇಲ್ಲದ್ದು ಎಕ್ಸ್‌ಪಿ100ನಂತಹ 100 ಆಕ್ಟೇನಿನ ಪೆಟ್ರೋಲ್. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಅದನ್ನು ಬಿಡುಗಡೆ ಮಾಡಿತು, ಬೆಲೆ 160 ರೂಪಾಯಿಯ ಆಸುಪಾಸು. ಶೇ 7ರ ಮೈಲೇಜಿಗಾಗಿ ಶೇ 55 ಹೆಚ್ಚು ಕೊಡುವ ಲೆಕ್ಕ ಯಾವ ಶ್ಯಾನುಭೋಗರಿಗೂ ಒಪ್ಪಿಗೆಯಾಗದು. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಹಳೆಯ ಜಾವಾ, ಯೆಜ್ಡಿಗಳನ್ನು ಶೆಡ್ಡಿನಲ್ಲಿ ಒರೆಸಿಟ್ಟು ತಿಂಗಳಿಗೊಮ್ಮೆ ತೆಗೆಯುವವರಿಗೆ ಅದು ಬೇಕಾದೀತು. ಎಥನಾಲ್ ತೇವ ಹೀರುತ್ತದೆ, ಆ ಕಾಲದ ರಬ್ಬರು ಎಥನಾಲಿಗೆಂದು ಮಾಡಿದ್ದಲ್ಲ. ದಿನವೂ ಆಫೀಸಿಗೆ ಹೋಗಿಬರುವ ಕಾರಿಗೆ ಆ ಚಿಂತೆ ಬೇಡ.

ಆಕ್ಟೇನ್ ಏರಿಸುವ ಹುಚ್ಚಿಗೆ ಒಂದು ಕರಾಳ ಚರಿತ್ರೆಯೂ ಇದೆ. 1921ರ ಡಿಸೆಂಬರಿನಲ್ಲಿ ಒಹಾಯೊದ ಡೇಟನ್ನಿನಲ್ಲಿ ಥಾಮಸ್ ಮಿಜ್ಲಿ ಎಂಬಾತ ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಚೂರು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡ. ಆಲ್ಕೊಹಾಲಿನಿಂದಲೂ ಅದು ಆಗುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಸೀಸವೇ ಗೆದ್ದಿತು, ಜಗತ್ತಿನ ಮಕ್ಕಳು ದಶಕಗಳ ಕಾಲ ಆ ವಿಷವನ್ನು ಉಸಿರಾಡಿದರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ನೂರು ವರ್ಷ ಸುತ್ತಿ ಈಗ ಅದೇ ಆಲ್ಕೊಹಾಲಿಗೆ, ಅಂದರೆ ಎಥನಾಲಿಗೆ, ಬಂದು ನಿಂತಿದ್ದೇವೆ.

ಪ್ರೀಮಿಯಂನಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೊಳೆ ತೊಳೆಯುವ ರಾಸಾಯನಿಕ, ಡಿಟರ್ಜೆಂಟ್, ಅದರಲ್ಲಿ ಹೆಚ್ಚು ಇರುತ್ತದೆ. ಅದು ಎಲ್ಲಿ ಸೇರುತ್ತದೆಂದು ತಿಳಿಯಲು ಪೆಟ್ರೋಲ್ ಬರುವ ದಾರಿ ನೋಡಿ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿನ ದೇವನಗೊಂದಿಯವರೆಗೆ 362 ಕಿಲೋಮೀಟರ್ ಉದ್ದದ ಒಂದು ಪೈಪ್‌ಲೈನ್ ನೆಲದಡಿ ಹಾದುಹೋಗಿದೆ. ನೀವು ಹಾಕಿಸುವ ಪೆಟ್ರೋಲಿನ ಬಹುಪಾಲು ಅದರಲ್ಲಿ ಬಂದದ್ದೇ ಇರಬಹುದು. ಒಂದು ಕಂಪನಿಯ ಬಂಕಿಗೂ ಇನ್ನೊಂದರ ಬಂಕಿಗೂ ಅದೇ ಮೂಲದ ಮಾಲು ಹೋಗುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಬ್ರಾಂಡಿನ ಡಿಟರ್ಜೆಂಟ್ ಸೇರುವುದು ಸಾಮಾನ್ಯವಾಗಿ ಟ್ಯಾಂಕರ್ ತುಂಬುವ ಟರ್ಮಿನಲ್ಲಿನಲ್ಲಿ. ಅದರ ಉಪಯೋಗ ನಿಜ: ಇಂಜೆಕ್ಟರಿನ ಸಣ್ಣ ತೂತುಗಳು, ಇನ್‌ಟೇಕ್ ವಾಲ್ವಿನ ಹಿಂಬದಿ ಶುಚಿಯಾಗಿ ಉಳಿಯುತ್ತವೆ. ಎಂಬತ್ತು ತೊಂಬತ್ತು ಸಾವಿರ ಕಿಲೋಮೀಟರ್ ಓಡಿದ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ತಡಬಡಿಸುವ ಗಾಡಿಗೆ ಒಂದೆರಡು ಟ್ಯಾಂಕ್ ಹಾಕಿ ನೋಡಿದರೆ ನನ್ನ ಆಕ್ಷೇಪಣೆಯಿಲ್ಲ. ಹೊಸ ಟರ್ಬೊ ಕಾರುಗಳಲ್ಲಿ ಕೆಲವು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತವೆ. ಅಲ್ಲಿ ಪೆಟ್ರೋಲ್ ಆ ವಾಲ್ವನ್ನು ಮುಟ್ಟುವುದೇ ಇಲ್ಲ. ಮುಟ್ಟದ್ದನ್ನು ಎಷ್ಟು ದುಬಾರಿ ಸಾಬೂನಾದರೂ ತೊಳೆಯಲಾರದು.

ನಮ್ಮ ನೆಲದ ಒಂದು ಅನುಕೂಲವನ್ನೂ ಹೇಳಬೇಕು, ಇದನ್ನು ಯಾವ ಸೇಲ್ಸ್‌ಮನ್ನೂ ಹೇಳುವುದಿಲ್ಲ. ಹಾಸನ, ಬೆಂಗಳೂರು ಎರಡೂ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಆಸುಪಾಸಿನಲ್ಲಿವೆ. ಮೇಲೆ ಹೋದಂತೆ ಗಾಳಿ ತೆಳು, ಸಿಲಿಂಡರಿನೊಳಗೆ ಒತ್ತಡ ಕಡಿಮೆ, ನಾಕಿಂಗ್ ಭಯವೂ ಕಡಿಮೆ. ಅಮೆರಿಕದ ಕೊಲರಾಡೊದಂತಹ ಎತ್ತರದ ರಾಜ್ಯಗಳಲ್ಲಿ ಮಾಮೂಲಿ ಪೆಟ್ರೋಲನ್ನು 85ಕ್ಕೇ ಮಾರುವ ರೂಢಿ ಕಾರ್ಬ್ಯುರೇಟರ್ ಕಾಲದಿಂದ ಬಂದದ್ದು ಇದೇ ಕಾರಣಕ್ಕೆ. ಹೊಸ ಕಾರುಗಳಿಗೆ ಅಷ್ಟು ಇಳಿಸುವುದು ತರವಲ್ಲ, ಟರ್ಬೊ ಇದ್ದರೆ ಅದು ಗಾಳಿಯ ಕೊರತೆ ತುಂಬಿಕೊಳ್ಳುತ್ತದೆ, ಆ ಮಾತು ಬೇರೆ. ಒಟ್ಟಿನಲ್ಲಿ, ಟರ್ಬೊ ಇಲ್ಲದ ಅದೇ ಕಾರು ಮಂಗಳೂರಿನ ಬಿಸಿಲಿಗಿಂತ ನಮ್ಮ ಬಯಲುಸೀಮೆಯ ಎತ್ತರದಲ್ಲಿ ಹೆಚ್ಚು ನೆಮ್ಮದಿಯಾಗಿರುತ್ತದೆ.

ಘಾಟಿ ಹತ್ತುವಾಗ ಮಾತ್ರ ಹುಷಾರು. ಒಮ್ಮೆ ಸುಬ್ರಹ್ಮಣ್ಯದಿಂದ ಬರುವಾಗ ತಂಗಿಯ ಮಗ ಗಾಡಿ ಓಡಿಸುತ್ತಿದ್ದ. ಸೆಕೆಂಡ್ ಹ್ಯಾಂಡ್ ಕಾರು, ಐದು ಜನ, ಡಿಕ್ಕಿಯ ತುಂಬ ಸಾಮಾನು, ಎಸಿ ಬೇರೆ. ಗುಂಡ್ಯ ದಾಟಿ ಶಿರಾಡಿಯ ಏರು ಶುರುವಾಯಿತು. ಮೈಲೇಜ್ ಬರಲಿ ಎಂದು ಹುಡುಗ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತುತ್ತಿದ್ದ, ಮುಂದಿನಿಂದ ಟಣಟಣ ಕೇಳಿಸುತ್ತಿತ್ತು.

"ಮಾವ, ಮುಂದಿನ ಬಂಕಲ್ಲಿ ಪವರ್ ಹಾಕಿಸ್ತೀನಿ, ಇದು ಎಳೀತಿಲ್ಲ."

"ಬಂಕ್ ಬೇಡಪ್ಪ. ಮೊದಲು ಗೇರ್ ಇಳಿಸು."

ಎರಡಕ್ಕೆ ಇಳಿಸಿದ, ಸದ್ದು ನಿಂತಿತು, ಗಾಡಿ ಹತ್ತಿತು. ಸಕಲೇಶಪುರದಲ್ಲಿ ಕಾಫಿಗೆ ನಿಂತಾಗಲೂ ಅವನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಊರಿಗೆ ಬಂದ ಮೇಲೆ ಗ್ಯಾರೇಜಿನವರು ಪ್ಲಗ್ ಬಿಚ್ಚಿ ತೋರಿಸಿದರು, ಕಾರ್ಬನ್ ಕಟ್ಟಿ ಕಪ್ಪಗಾಗಿತ್ತು. ಕೂಲೆಂಟ್ ಕೂಡ ಅರ್ಧಕ್ಕೆ ಇಳಿದಿತ್ತು. ನಿಮ್ಮ ಕಾರು ಮಾಮೂಲಿ ಪೆಟ್ರೋಲಿನಲ್ಲಿ ನಾಕ್ ಮಾಡುತ್ತಿದ್ದರೆ ಅದು ಒಂದು ದೂರು ಹೇಳುತ್ತಿದೆ. ದುಬಾರಿ ಪೆಟ್ರೋಲ್ ಹಾಕಿದರೆ ದೂರು ಕೇಳಿಸದಂತಾಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ದಯವಿಟ್ಟು ಮೊದಲು ಮೆಕ್ಯಾನಿಕ್ಕಿಗೆ ತೋರಿಸಿ.

"ಆದರೂ ನನಗೆ ಪ್ರೀಮಿಯಂನಲ್ಲಿ ಮೈಲೇಜ್ ಜಾಸ್ತಿ ಬಂತಲ್ಲ" ಎನ್ನುವವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ. ಹೇಗೆ ಅಳೆದಿರಿ ಎಂದಷ್ಟೇ ಕೇಳುತ್ತೇನೆ. ಡ್ಯಾಶ್‌ಬೋರ್ಡಿನ ಅಂಕಿ ನೋಡಿದ್ದರೆ ಅದು ಸಾಲದು. ಪ್ರೀಮಿಯಂ ಹಾಕಿಸಿದ ವಾರವೇ ಹೈವೇ ಪ್ರಯಾಣ ಬಂದಿದ್ದರೆ ಹೆಚ್ಚು ಕೊಟ್ಟದ್ದು ಹೈವೇ. ಹೆಚ್ಚು ದುಡ್ಡು ಕೊಟ್ಟ ಮೇಲೆ ಮನುಷ್ಯ ಕೊಂಚ ಮೆಲ್ಲಗೆ ಓಡಿಸುವುದೂ ಉಂಟು. ನಿಜವಾಗಿ ತಿಳಿಯಬೇಕಿದ್ದರೆ ಒಂದೇ ಬಂಕಿನ ಒಂದೇ ಪಂಪಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ದಿನದ ದಾರಿಯಲ್ಲೇ ಓಡಿಸಿ ಮತ್ತೆ ಅಲ್ಲಿಗೇ ಬಂದು ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಪ್ರತಿ ಬಗೆಗೂ ನಾಲ್ಕೈದು ಟ್ಯಾಂಕ್ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಈ ಲೆಕ್ಕ ಅವರಿಗೆ ಬಿಡಿ. ನಿಮ್ಮ ಸರಾಸರಿ ಶೇ 8 ಏರಿದ್ದರೆ ನನ್ನ ಮಾತು ಬಿಟ್ಟು ನಿಮ್ಮ ಲೆಕ್ಕ ನಂಬಿ.

ಮೈಲೇಜೇ ಬೇಕಿದ್ದರೆ ಅದೇ ಬಂಕಿನ ಮೂಲೆಯಲ್ಲಿ ಪುಕ್ಕಟೆ ಸಿಗುತ್ತದೆ. ಗಾಳಿ ಹಿಡಿಸುವ ಸೌಲಭ್ಯವನ್ನು ಬಂಕಿನವರು ಉಚಿತವಾಗಿ ಕೊಡಲೇಬೇಕು, ಅದು ನಿಮ್ಮ ಹಕ್ಕು. ಟೈರಿನ ಗಾಳಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ 0.2 ಇಳಿಯುತ್ತದೆ. ಸಣ್ಣದಾಗಿ ಕಾಣಬಹುದು, ಆದರೆ ನಾನು ನೋಡಿದ ಎಷ್ಟೋ ಮನೆಯ ಕಾರುಗಳಲ್ಲಿ 33 ಇರಬೇಕಾದಲ್ಲಿ 25 ಇರುತ್ತದೆ. ಟೈರು ಬೇಗ ಸವೆಯುವ ಖರ್ಚು ಬೇರೆ. ಇನ್ನು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಎಳೆದು ಬ್ರೇಕ್ ಹಾಕುವ ಚಾಳಿ. ಇದೊಂದೇ ನಗರದೊಳಗೆ ಶೇ 10ರಿಂದ 40ರವರೆಗೆ ಮೈಲೇಜ್ ತಿನ್ನುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಯಾವ ಬಣ್ಣದ ನಳಿಕೆಯೂ ಅದನ್ನು ತುಂಬಿಕೊಡದು.

ಬಂಕಿನಲ್ಲಿ ನಡೆದುಕೊಳ್ಳುವ ಬಗ್ಗೆ ನನ್ನದೊಂದು ವಿನಂತಿ. "ಸಾರ್, ಪವರ್ ಹಾಕ್ಲಾ?" ಎಂದು ಕೇಳುವ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನಿಗೆ ದಿನಕ್ಕೆ ಇಷ್ಟು ಲೀಟರ್ ಪ್ರೀಮಿಯಂ ಮಾರಬೇಕೆಂಬ ಟಾರ್ಗೆಟ್ ಕೊಟ್ಟಿರಬಹುದು, ಬಿಸಿಲಲ್ಲಿ ನಿಂತವನು ಅವನು. ಗಾಡಿ ನಿಲ್ಲಿಸುವ ಮೊದಲೇ ಸ್ಪಷ್ಟವಾಗಿ "ನಾರ್ಮಲ್" ಎನ್ನಿ, ಜೀರೋ ನೋಡಿಕೊಳ್ಳಿ, ಬಿಲ್ ಕೇಳಿ. "ನಾರ್ಮಲ್ ಖಾಲಿ" ಎಂದರೆ ಪಕ್ಕದ ಬಂಕಿಗೆ ಹೋಗಿ. ಒಂದೇ ಬಂಕಿನಲ್ಲಿ ದಿನವೂ ಅದೇ ಖಾಲಿಯಾಗುತ್ತಿದ್ದರೆ ದೂರು ಪುಸ್ತಕ ಕೇಳಿ ಎರಡು ಸಾಲು ಬರೆಯಿರಿ. ಪೆಟ್ರೋಲಿನ ಬಗ್ಗೆ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಪರೀಕ್ಷೆ, ಅಳತೆಯ ಬಗ್ಗೆ ಅನುಮಾನವಿದ್ದರೆ ಐದು ಲೀಟರಿನ ಮಾಪನ, ಎರಡನ್ನೂ ಕೇಳುವ ಅಧಿಕಾರ ಗ್ರಾಹಕನಿಗಿದೆ. ಕಲಬೆರಕೆಯ ಭಯಕ್ಕೆ ಪ್ರೀಮಿಯಂ ಹಾಕಿಸುವವರನ್ನೂ ಕಂಡಿದ್ದೇನೆ. ಒಂದು ನಳಿಕೆಯ ಬಗ್ಗೆ ನಂಬಿಕೆಯಿಲ್ಲದ ಬಂಕಿನ ಇನ್ನೊಂದು ನಳಿಕೆಯನ್ನು ನಂಬುವುದು ನನಗೆ ಅರ್ಥವಾಗದ ಸಂಗತಿ.

ಇನ್ನು ಉಳಿದದ್ದು ಚಿಕ್ಕ ಕೆಲಸ. ಇಂದು ಸಂಜೆ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಮಲಗಿರುವ ಮ್ಯಾನುಯಲ್ ತೆಗೆದು ಇಂಧನದ ಪುಟ ಹುಡುಕಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯನ್ನೂ ನೋಡಿ. ಎಷ್ಟು ಆಕ್ಟೇನ್, ಎಥನಾಲ್ ಶೇ 10ರವರೆಗೋ 20ರವರೆಗೋ ಎಂಬ ಎರಡು ಸಂಗತಿ ಅಲ್ಲಿರುತ್ತವೆ. ಇಲ್ಲದಿದ್ದರೆ ಸರ್ವಿಸ್ ಸೆಂಟರಿನವರಿಂದ ಲಿಖಿತವಾಗಿ ಕೇಳಿ ಪಡೆಯಿರಿ, ಬಾಯಿಮಾತು ಬೇಡ. ಅದನ್ನು ಒಂದು ಚೀಟಿಯಲ್ಲಿ ಬರೆದು, ಮನೆಯಲ್ಲಿ ಗಾಡಿ ತೆಗೆಯುವ ಪ್ರತಿಯೊಬ್ಬರ ಕಣ್ಣಿಗೂ ಬೀಳುವಂತೆ ಅಂಟಿಸಿಡಿ. ಅಜ್ಜನ ಬೈಕಿಗೂ ಮಗಳ ಸ್ಕೂಟರಿಗೂ ಇದನ್ನೇ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,

ನಿವೃತ್ತ ಆಟೊಮೊಬೈಲ್ ಉಪನ್ಯಾಸಕ
ಹಾಸನ